ಒಂಜಿ, ರಡ್ಡ್, ಮೂಜಿ

ನಾನು ತುಮಕೂರು ಕಡೆಯವನು. ನಮ್ಮ ರಾಗಿ ಹೊಲದಲ್ಲಿ ಓಡಿದರೆ ಧೂಳು ಏಳುತ್ತದೆ, ಕೆಸರು ಅನ್ನೋದು ಕೆರೆ ಕೋಡಿ ಬಿದ್ದ ವರ್ಷ ಮಾತ್ರ ನೋಡಲು ಸಿಗುವ ವಸ್ತು. ಹೆಂಡತಿ ಪುತ್ತೂರಿನ ಹತ್ತಿರದವಳು. ಮದುವೆಯಾಗಿ 9 ವರ್ಷ ಆಯ್ತು, ಆದರೂ ಜುಲೈ ಅರ್ಧ ಕಳೆಯಿತೆಂದರೆ 'ಆಟಿಗೆ ಊರಿಗೆ ಹೋಗ್ಬೇಕು' ಅಂತ ಶುರು ಮಾಡುತ್ತಾಳೆ. ತುಳುನಾಡಲ್ಲಿ ಆಟಿ ತಿಂಗಳಿಗೆ ಮದುಮಗಳನ್ನು ತವರಿಗೆ ಕರೆಸಿಕೊಳ್ಳುವ ಪದ್ಧತಿ ಇದೆ, ನಿಜ. ಆದರೆ ಅದು ಹೊಸದಾಗಿ ಮದುವೆಯಾದವರಿಗೆ. ಆ ಒಂದು ಮಾತನ್ನು ಮಾತ್ರ ಇವಳು ಮರೆತುಬಿಡುತ್ತಾಳೆ.

ಹೋದ ವರ್ಷ ಹೀಗೇ ಹೋದಾಗ ಅಲ್ಲಿ 'ಕೆಸರ್‌ಡ್ ಒಂಜಿ ದಿನ' ಇತ್ತು. ಕೆಸರಲ್ಲಿ ಒಂದು ದಿನ ಅಂತ ಅರ್ಥ. ಗದ್ದೆಯನ್ನು ಟಿಲ್ಲರ್‌ನಲ್ಲಿ ಉತ್ತು, ನೀರು ನಿಲ್ಲಿಸಿ, ಊರಿಗೆ ಊರೇ ಇಳಿದು ಹಗ್ಗಜಗ್ಗಾಟ, ಓಟ, ಮಡಕೆ ಒಡೆಯುವುದು ಅಂತ ಬಿದ್ದು ಹೊರಳಾಡುವ ಭಾನುವಾರ. ನಾನು ಹುಣಿಯ, ಅಂದರೆ ಗದ್ದೆಯ ಬದುವಿನ, ಮೇಲೆ ಕೊಡೆ ಹಿಡಿದು ನಿಂತು ಫೋಟೊ ತೆಗೆಯೋಣ ಅಂದುಕೊಂಡಿದ್ದೆ. ನನ್ನ ಭಾವಮೈದ ಹಿಂದಿನ ದಿನವೇ ನಮ್ಮಿಬ್ಬರ ಹೆಸರನ್ನು ದಂಪತಿ ಓಟಕ್ಕೆ ಬರೆಸಿಬಿಟ್ಟಿದ್ದ.

ಇಲ್ಲಿ ಒಂದು ಹಳೆಯ ಲೆಕ್ಕ ಬಾಕಿ ಇತ್ತು. 2020ರಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರ್ ಕರೆಯನ್ನು (ಓಟದ ಕೆಸರು ಗದ್ದೆ) 13.62 ಸೆಕೆಂಡಲ್ಲಿ ಓಡಿದಾಗ ಇಡೀ ದೇಶ ಆ ವಿಡಿಯೊ ನೋಡಿತ್ತಲ್ಲ, ಆಗ ನಾನು ಸೋಫಾದಲ್ಲಿ ಕೂತು 'ಕೋಣ ಎಳೆದರೆ ಯಾರು ಬೇಕಾದರೂ ಓಡ್ತಾರೆ ಬಿಡು' ಅಂದಿದ್ದೆ. ಅವಳು ಆಗ ಏನೂ ಹೇಳಿರಲಿಲ್ಲ. ಈಗ ಗದ್ದೆಯ ಅಂಚಲ್ಲಿ ಸೀರೆ ಬಿಟ್ಟು ಚೂಡಿದಾರ್ ಹಾಕಿ, ದುಪಟ್ಟಾ ಸೊಂಟಕ್ಕೆ ಬಿಗಿದು ನಿಂತಿದ್ದವಳು ನನ್ನ ಕಡೆ ತಿರುಗಿ, 'ಕೋಣ ಇಲ್ಲ. ನಾನೇ ಎಳೀಬೇಕಾ?' ಅಂದಳು. ನಾಲ್ಕು ವರ್ಷ ಹೊಟ್ಟೆಯಲ್ಲಿಟ್ಟುಕೊಂಡ ಮಾತು ಅದು!

ಮೈಕಲ್ಲಿ 'ಕಾಲಲ್ಲಿ ಗಾಯ ಇದ್ದವರು ಇಳಿಯಬೇಡಿ' ಅಂತ ಎರಡು ಸಲ ಹೇಳಿದರು. ಮಳೆಗಾಲದಲ್ಲಿ ಆ ಕಡೆ ಇಲಿಜ್ವರದ ಭಯ, ಸಣ್ಣ ಗೀರಿದ್ದರೂ ಸಾಕು, ಕೆಸರು ನೀರಿನಿಂದ ಅಂಟಿಕೊಳ್ಳುತ್ತದೆ. ನಾನು ಆಸೆಯಿಂದ ಎರಡೂ ಪಾದ ತಿರುಗಿಸಿ ನೋಡಿಕೊಂಡೆ. ಒಂದು ಗೀರೂ ಇರಲಿಲ್ಲ.

ಅಷ್ಟರಲ್ಲಿ ಅತ್ತೆ ಬಂದು, ಕಾಲುಂಗುರ ತೆಗೆದಿಡು, ಕೆಸರು ಎಳ್ಕೊಳ್ತದೆ ಅಂದರು. ಹೇಳುವಾಗ ಅವರಿಗೇ ಸ್ವಲ್ಪ ಮುಜುಗರ, ಮುತ್ತೈದೆಗೆ ತೆಗಿ ಅನ್ನಬೇಕಲ್ಲ. ಇವಳು ಎರಡನ್ನೂ ತೆಗೆದು ನನ್ನ ಕೈಗೆ ಕೊಟ್ಟು 'ಅಮ್ಮನಿಗೆ ಕೊಡಿ' ಅಂದಳು. ಅದೇ ಹೊತ್ತಿಗೆ ನಮ್ಮ ಹೆಸರು ಕೂಗಿದರು. ನಾನು ಚಡ್ಡಿಯ ಜೇಬಿಗೆ ಹಾಕಿಕೊಂಡೆ.

ಎಂಟು ಜೋಡಿ ಇದ್ದೆವು. ನನ್ನ ಎಡಗಾಲು, ಅವಳ ಬಲಗಾಲು ಸೇರಿಸಿ ಬೈರಾಸಿನಲ್ಲಿ, ಅಂದರೆ ಟವೆಲಿನಲ್ಲಿ, ಕಟ್ಟಿದರು. ಅರ್ಧ ಗದ್ದೆ ಹೀಗೆ ಓಡಿ, ಆಮೇಲೆ ಕಟ್ಟು ಬಿಚ್ಚಿ, ಒಬ್ಬರು ಅಡಿಕೆ ಹಾಳೆಯ ಮೇಲೆ ಕೂತರೆ ಇನ್ನೊಬ್ಬರು ಸೋಗೆ ಹಿಡಿದು ಆ ತುದಿಗೆ ಎಳೆಯಬೇಕು. ಬೆಂಗಳೂರಲ್ಲಿ ನಾವು ನಡೆದು ಹೋಗುವಾಗ ಯಾವಾಗಲೂ ನಾನು ಮುಂದೆ, ಅವಳು ನಾಲ್ಕು ಮಾರು ಹಿಂದೆ, ಅದಕ್ಕೊಂದು ಜಗಳ. ಕಟ್ಟಿದ ಗಂಟನ್ನು ಅವಳು ಎಳೆದು ನೋಡಿದಳು. 'ಇವತ್ತು ಬಿಟ್ಟು ಹೋಗ್ಲಿಕ್ಕೆ ಆಗುದಿಲ್ಲ ಅಲ್ವಾ?'

'ಒಂಜಿ... ರಡ್ಡ್... ಮೂಜಿ!' ಅಂದರು. ನಾನು ಇನ್ನೂ ಮೂರು ಅನ್ನೋದಕ್ಕೆ ಕಾಯುತ್ತಿದ್ದೆ. ಅವಳು ಹೊರಟಿದ್ದಳು, ನನ್ನ ಎಡಗಾಲೂ ಹೊರಟಿತ್ತು, ಉಳಿದ ನಾನು ಮುಖ ಕೆಳಗಾಗಿ ಬಿದ್ದೆ.

ಕೆಸರಿನ ರುಚಿ ಹೇಳುವುದಿಲ್ಲ. ಆದರೆ ಕಾಲು ಹೂತರೆ ಏನಾಗುತ್ತದೆ ಅಂತ ಹೇಳಬೇಕು. ಮೊಣಕಾಲಿಗಿಂತ ಸ್ವಲ್ಪ ಕೆಳಗಿನವರೆಗೆ ಹೋಗುತ್ತದೆ, ಮೇಲೆ ತೆಳ್ಳಗೆ ಗಂಜಿಯ ಹಾಗೆ, ಅಡಿಯಲ್ಲಿ ಮುದ್ದೆಯ ಹಾಗೆ. ಪಾದದ ಕೆಳಗೆ ಗಾಳಿ ಹೋಗಲು ಜಾಗವಿಲ್ಲ, ಹಾಗಾಗಿ ನೇರ ಮೇಲಕ್ಕೆ ಎಳೆದಷ್ಟೂ ಅದು ಕಚ್ಚಿ ಹಿಡಿಯುತ್ತದೆ. ನಾನು ಎಳೆದೇ ಎಳೆದೆ. 'ಎಂತ ಮಾರ್ರೆ, ನಿಂತ್ರೆ ಹೂತು ಹೋಗ್ತೀರಿ! ಹಿಮ್ಮಡಿ ಮೊದ್ಲು ಎತ್ತಿ, ಬೆರಳು ಕೆಳಗೆ ಮಾಡಿ!' ಅಂತ ಬೊಬ್ಬೆ ಹಾಕಿದಳು. ಬೆಂಗಳೂರಲ್ಲಿ 'ಏನ್ರಿ' ಅನ್ನುವವಳು ಪೂರ್ತಿ ಊರಿನವಳಾಗಿದ್ದಳು. ಹಾಗೇ ಮಾಡಿದೆ. ಸಂದಿಯಲ್ಲಿ ನೀರಿಳಿದು ಪಚಕ್ ಅಂತ ಕಾಲು ಬಂತು. ಆಮೇಲೆ ಅವಳು 'ಕಟ್ಟಿದ್ದು, ಬಿಟ್ಟಿದ್ದು, ಕಟ್ಟಿದ್ದು, ಬಿಟ್ಟಿದ್ದು' ಅಂತ ಲೆಕ್ಕ ಹೇಳುತ್ತಾ ಹೋದಳು, ನಾನು ಅದಕ್ಕೆ ಸರಿಯಾಗಿ ಕಾಲು ಹಾಕುತ್ತಾ ಹೋದೆ. ಒಂದು ಹತ್ತು ಹೆಜ್ಜೆ, ಅಷ್ಟೇ, ನಾವಿಬ್ಬರೂ ನಿಜವಾಗಿ ಓಡಿದೆವು. ಪಕ್ಕದ ಜೋಡಿಯನ್ನು ದಾಟಿದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಹಾಳೆ ಹತ್ತಿರ ಬರುವಷ್ಟರಲ್ಲಿ ನನಗೆ ಉಸಿರೇ ಇರಲಿಲ್ಲ. ನಿಯಮದಲ್ಲಿ ಯಾರು ಕೂರಬೇಕು ಅಂತ ಹೇಳಿರಲಿಲ್ಲ, ಉಳಿದ ಗಂಡಸರೆಲ್ಲ ಸೋಗೆ ಹಿಡಿದಿದ್ದರು. ನಾನು ಸುಮ್ನೆ ಕೂತುಬಿಟ್ಟೆ. ಹುಣಿಯ ಮೇಲಿಂದ ಎದ್ದ ನಗು ಮಳೆಗಿಂತ ಜೋರಾಗಿತ್ತು. 52 ಕೆಜಿಯವಳು 84 ಕೆಜಿಯವನನ್ನು ಎಳೆದಳು. ನೀರು ನಿಂತ ಗದ್ದೆಯಲ್ಲಿ ಹಾಳೆ ಚೆನ್ನಾಗಿ ಜಾರುತ್ತದೆ, ಆದ್ದರಿಂದ ಪೂರ್ತಿ ಪಾಪ ನನ್ನದಲ್ಲ. ತುದಿಗೆ ನಾಲ್ಕು ಮಾರು ಇರುವಾಗ ಹಾಳೆ ಸೀಳಿತು. ಉಳಿದದ್ದನ್ನು ಇಬ್ಬರೂ ಅಂಬೆಗಾಲಲ್ಲಿ ಮುಗಿಸಿದೆವು. ಆರನೆಯ ಸ್ಥಾನ. ಇನ್ನೆರಡು ಜೋಡಿ ಮಧ್ಯದಲ್ಲೇ ಕೂತು ನಗುತ್ತಿದ್ದರು.

ತೋಟದ ಪೈಪಿನ ಕೆಳಗೆ ನಿಂತು ಮೈ ತೊಳೆಯುವಾಗ ಜೇಬು ನೆನಪಾಯಿತು. ಒಂದು ಉಂಗುರ ಇತ್ತು, ಇನ್ನೊಂದು ಇಲ್ಲ. ಅವಳ ಮುಖ ನೋಡಿದೆ. ಬೈಯಲಿಲ್ಲ, ಅದೇ ಕಷ್ಟ. ಮತ್ತೆ ಗದ್ದೆಗಿಳಿದು ಕೈಯಾಡಿಸಿದೆ, ಮಕ್ಕಳೆಲ್ಲ ಸೇರಿಕೊಂಡರು, ಸಿಕ್ಕಿದ್ದು ಯಾರದೋ ಒಂದು ಚಪ್ಪಲಿ. ಮಧ್ಯಾಹ್ನ ಪತ್ರೊಡೆ, ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ. ಅಷ್ಟು ರುಚಿಯಿದ್ದರೂ ನನಗೆ ಸರಿಯಾಗಿ ಇಳಿಯಲಿಲ್ಲ.

ಮೂರು ದಿನ ಬಿಟ್ಟು ಆ ಗದ್ದೆಯಲ್ಲಿ ನೇಜಿ, ಅಂದರೆ ಭತ್ತದ ಸಸಿ, ನೆಟ್ಟರಂತೆ. ನಾವು ತುಳಿದದ್ದೂ ಉಳುಮೆಯ ಲೆಕ್ಕಕ್ಕೇ ಸೇರಿತು. ಪುತ್ತೂರು ಪೇಟೆಯಲ್ಲಿ ಹೊಸ ಜೊತೆ ಕೊಡಿಸಿದೆ, ಉಳಿದ ಒಂಟಿ ಉಂಗುರ ದೇವರ ಮಾಡದಲ್ಲಿ ಕುಂಕುಮದ ಡಬ್ಬಿಯ ಪಕ್ಕ ಇದೆ. ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ, ಕೊಯ್ಲಾದಾಗ ಭಾವಮೈದ ಫೋನ್ ಮಾಡಿ ಸಿಗಲಿಲ್ಲ ಅಂದ. ಮೊನ್ನೆ ಮತ್ತೆ ಮಾಡಿದ್ದ.

'ಭಾವ, ಗದ್ದೆ ಉಳ್ತಾ ಇದ್ದೇವೆ. ಹೆಸರು ಬರೆಸ್ಲಾ? ಉಂಗುರ ಹುಡುಕ್ಲಿಕ್ಕಾದ್ರೂ ಬನ್ನಿ.'