ಮೂಡಪ್ಪ ಸೇವೆಗೆ ಬಂದ ಜನ, ಗುಡ್ಡೆಯಿಂದ ಇಳಿದ ದನ

1992ರಲ್ಲಿ ಕಾಸರಗೋಡಿನ ಹತ್ತಿರದ ಮಧೂರು ದೇವಸ್ಥಾನದಲ್ಲಿ ಮೂಡಪ್ಪ ಸೇವೆ ನಡೆಯಿತು. ಗಣಪತಿಯನ್ನು ಅಪ್ಪದ ರಾಶಿಯಿಂದ ಮುಚ್ಚುವ ಸೇವೆ ಅದು. ಅಷ್ಟು ಜನರನ್ನು ನಾನು ಅದಕ್ಕೆ ಮೊದಲು ಒಂದೇ ಕಡೆ ಕಂಡಿರಲಿಲ್ಲ.

ಜೂನಿನಲ್ಲಿ ಶಾಲೆ ತೆರೆಯಿತು. ನಾನು ಹತ್ತನೇ ಕ್ಲಾಸು, ಕನ್ನಡ ಮಾಧ್ಯಮ. ರಜೆಯಲ್ಲಿ ಕಂಡದ್ದನ್ನು ಇಂಗ್ಲಿಷಿನಲ್ಲಿ ಒಂದು ಪುಟ ಬರೆಯಲು ಮಾಸ್ಟ್ರು ಹೇಳಿದರು. ‘ಪೀಪಲ್ ಕೇಮ್ ಇನ್ ಡ್ರೋನ್ಸ್’ ಅಂತ ಬರೆದೆ. ಎಲ್ಲೋ ಕೇಳಿದ ಮಾತು, ಕಿವಿಗೆ ಬಿದ್ದ ಹಾಗೆ ಬರೆದಿದ್ದೆ.

ಮಾಸ್ಟ್ರು ಗೀಟು ಹಾಕಲಿಲ್ಲ. ಹತ್ತಿರ ಕರೆದರು.

“ನಿಮ್ಮಲ್ಲಿ ದನ ಉಂಟಾ?”

“ಉಂಟು ಸರ್, ನಾಲ್ಕು.” ನಮ್ಮದು ಕಾಸರಗೋಡು ಗಿಡ್ಡ ತಳಿ.

“ಸಂಜೆ ಗುಡ್ಡೆಯಿಂದ ಹೇಗೆ ಬರ್ತವೆ?”

“ಅಟ್ಟಿಕೊಂಡು ಬರಬೇಕು ಸರ್.”

“ಹಾಂ, ಅದೇ!” ಅಂದವರು ಬೋರ್ಡಿನಲ್ಲಿ ಡ್ರೈವ್, ಡ್ರೋವ್ ಎಂದು ಎರಡು ಪದ ಬರೆದರು. ಡ್ರೈವ್ ಅಂದರೆ ಅಟ್ಟುವುದು. ಡ್ರೋವ್ ಅಂದರೆ ಅಟ್ಟಿಕೊಂಡು ಹೋಗುವ ಹಿಂಡು. ಡ್ರೋನ್ ಅಂದರೆ ಗಂಡುಜೇನು, ಅದರ ದಾರಿಯೇ ಬೇರೆ.

ಆ ದಿನ ಪಾಠ ಅಲ್ಲಿಗೇ ನಿಂತಿತು, ಕಥೆ ಶುರುವಾಯಿತು. ರೈಲು ಬರುವ ಮೊದಲು ಸ್ಕಾಟ್‌ಲೆಂಡ್, ವೇಲ್ಸ್ ಕಡೆಯ ದನಗಳನ್ನು ಲಂಡನ್ನಿನ ಸ್ಮಿತ್‌ಫೀಲ್ಡ್ ಸಂತೆಯವರೆಗೂ ನಡೆಸಿಕೊಂಡೇ ಹೋಗುತ್ತಿದ್ದರಂತೆ. ದೂರದ ದಾರಿಗೆಂದು ದನದ ಗೊರಸಿಗೆ ಲಾಳ ಹೊಡೆಯುತ್ತಿದ್ದರು. ಹೆಬ್ಬಾತುಗಳ ಕಾಲಿಗೆ ಡಾಮರು, ಮರಳು ಮೆತ್ತುತ್ತಿದ್ದರು. ಒಂದು ಹಿಂಡು ದಾಟಿತು ಅನ್ನುವಷ್ಟರಲ್ಲಿ ಹಿಂದಿನಿಂದ ಇನ್ನೊಂದು. ಅದಕ್ಕೇ ಮಾತು ಬಹುವಚನದಲ್ಲಿದೆ, ‘ಇನ್ ಡ್ರೋವ್ಸ್’. ಜಾಸ್ತಿ ಜನ ಅನ್ನುವುದು ಅದರೊಳಗೇ ಇದೆ, ಮುಂದೆ ‘ಲಾರ್ಜ್’ ಸೇರಿಸುವ ಅಗತ್ಯ ಇಲ್ಲ. ಬರುವವರಿಗೆ ಮಾತ್ರ ಅಲ್ಲ, ಬಿಟ್ಟು ಹೋಗುವವರಿಗೂ ಸಲ್ಲುತ್ತದೆ. ನಮ್ಮೂರಿನಿಂದ ಗಲ್ಫಿಗೆ ಹೋದವರನ್ನು ನೆನಪಿಸಿಕೋ ಎಂದರು.

ನನಗೊಂದು ಅನುಮಾನ ಉಳಿದಿತ್ತು. “ಭಕ್ತರನ್ನು ದನಕ್ಕೆ ಹೋಲಿಸಿದ ಹಾಗೆ ಆಗುವುದಿಲ್ವಾ ಸರ್?”

“ಹಿಂಡು ಹಿಂಡಾಗಿ ಬಂದರು ಅಂತ ನಾವೂ ಹೇಳ್ತೇವಲ್ಲ. ಅದರಲ್ಲಿ ಬೈಗುಳ ಉಂಟಾ?”

ಇರಲಿಲ್ಲ. ಇಂಗ್ಲಿಷಿನ ಹೆದರಿಕೆ ನನಗೆ ಕಡಿಮೆಯಾದದ್ದು ಅವತ್ತಿನಿಂದ. ಗೈಡ್ ಪುಸ್ತಕದಲ್ಲಿ ಅರ್ಥ ಸಿಗುತ್ತಿತ್ತು, ಆದರೆ ನಮ್ಮ ಹಟ್ಟಿಯಿಂದಲೇ ಅದನ್ನು ಎತ್ತಿ ಕೊಟ್ಟವರು ಈ ಮಾಸ್ಟ್ರು ಒಬ್ಬರೇ.

33 ವರ್ಷಗಳ ಮೇಲೆ, 2025ರಲ್ಲಿ, ಮಧೂರಿನಲ್ಲಿ ಮತ್ತೆ ಮೂಡಪ್ಪ ಸೇವೆ ಆಯಿತು. ಮಗಳನ್ನು ಕರೆದುಕೊಂಡು ಹೋಗಿದ್ದೆ. ಮಧುವಾಹಿನಿ ಹೊಳೆಯ ಹತ್ತಿರ ನಿಂತಿದ್ದೆವು. ಒಂದು ತಂಡ ದಾಟಿದರೆ ಹಿಂದೆ ಇನ್ನೊಂದು. ಅವಳು ಗೆಳತಿಗೆ ಮೆಸೇಜ್ ಮಾಡುತ್ತಾ ಕೇಳಿದಳು, “ಅಪ್ಪಾ, ಹೀಗೆ ಜನ ಬರುವುದಕ್ಕೆ ಇಂಗ್ಲಿಷಿನಲ್ಲಿ ಏನಂತಾರೆ?”

ದನದಿಂದಲೇ ಶುರು ಮಾಡಿದೆ. ನಮ್ಮ ಹಟ್ಟಿ ಖಾಲಿಯಾಗಿ ವರ್ಷಗಳಾಗಿವೆ. ಹಾಗಾಗಿ ‘ಅಟ್ಟುವುದು’ ಅಂದರೆ ಏನು ಅಂತ ಅವಳಿಗೆ ಮೊದಲು ಕನ್ನಡದಲ್ಲೇ ಹೇಳಬೇಕಾಯಿತು.