ನಲ್ಲಿ ನಿಲ್ಲಿಸದ ಊರು

ರಾತ್ರಿ ಹತ್ತೂವರೆ ಇರಬಹುದು. ನನಗೆ ಆಗಷ್ಟೇ ಜೋಂಪು ಹತ್ತಿತ್ತು. ಇವರು ಹಾಸಿಗೆ ಮೇಲೆ ಎದ್ದು ಕೂತು, “ಏ, ಬಚ್ಚಲಲ್ಲಿ ನಲ್ಲಿ ಬಿಟ್ಟು ಬಂದಿದೀಯ ನೋಡು” ಅಂದರು. ಹೋಗಿ ನೋಡಿದೆ. ನಲ್ಲಿ ನಿಂತೇ ಇತ್ತು. ಐದು ನಿಮಿಷ ಬಿಟ್ಟು ಇವರೇ ಎದ್ದು ಹೋಗಿ ಇನ್ನೊಂದು ಸಲ ಬಿಗಿಯಾಗಿ ತಿರುಗಿಸಿ ಬಂದರು. ಆದರೂ ನೀರಿನ ಸದ್ದು ಹೋಗಲಿಲ್ಲ. ಕೊನೆಗೆ ಕಾಗದದ ಬಾಗಿಲು ಸರಿಸಿ, ಕಿಟಕಿ ತೆರೆದು ಬಗ್ಗಿ ನೋಡಿದೆವು. ಗೋಡೆಗೆ ಒತ್ತಿಕೊಂಡೇ ಒಂದು ಕಾಲುವೆ ಹರಿಯುತ್ತಿತ್ತು. ಅಗಲ ಒಂದು ಮೊಳ ಇದ್ದರೆ ಹೆಚ್ಚು. ಬೀದಿದೀಪದ ಬೆಳಕಲ್ಲಿ ತಳದ ಕಲ್ಲು ಒಂದೊಂದೂ ಕಾಣುತ್ತಿತ್ತು.

“ಚರಂಡಿ ಇಷ್ಟು ಸ್ವಚ್ಛ ಇರುತ್ತಾ?” ಅಂದರು.

ಅದು ಚರಂಡಿಯಲ್ಲ ಅಂತ ಗೊತ್ತಾಗಲು ಬೆಳಗಾಗಬೇಕಾಯಿತು.

ಊರಿನ ಹೆಸರು ಗುಜೊ ಹಚಿಮನ್. ಜಪಾನಿನ ನಡುಭಾಗದಲ್ಲಿ, ಗಿಫು ಪ್ರಾಂತ್ಯದ ಗುಡ್ಡಗಳ ಸಂದಿಯಲ್ಲಿದೆ. ನಡುವೆ ಯೋಶಿದಾ ನದಿ ಹರಿದು, ಊರು ದಾಟಿ ನಾಗಾರಾ ನದಿಯನ್ನು ಸೇರುತ್ತದೆ. ಮಗಳು ನಗೋಯದಲ್ಲಿ ಕೆಲಸದಲ್ಲಿದ್ದಾಳೆ. ಜೂನ್ ತಿಂಗಳಲ್ಲಿ ನಾವಿಬ್ಬರೂ ಮೂರು ವಾರ ಅವಳ ಮನೆಗೆ ಹೋಗಿದ್ದೆವು. ಟೋಕಿಯೋ ಆಯಿತು, ಕ್ಯೋಟೋ ಆಯಿತು. ಕ್ಯೋಟೋದಲ್ಲಿ ದೇವಸ್ಥಾನಕ್ಕಿಂತ ಮುಂದಿದ್ದವರ ಬೆನ್ನು ನೋಡಿದ್ದೇ ಜಾಸ್ತಿ. ಗಲಾಟೆ ಇಲ್ಲದ ಊರು ಯಾವುದಾದರೂ ಇದ್ದರೆ ಹೇಳು ಅಂದೆ. “ಅಮ್ಮಾ, ಇಲ್ಲೊಂದು ಊರಿದೆ. ಗುಡ್ಡ, ಮಳೆ, ಹೊಳೆ, ಅಷ್ಟೇ. ಸಾಗರದವಳಿಗೆ ಹೊಸದೇನೂ ಇರಲ್ಲ, ಆದರೂ ಹೋಗಿ ಬಾ” ಅಂತ ನಗುತ್ತಾ ರೂಮು ಬುಕ್ ಮಾಡಿದಳು.

ನಗೋಯದಿಂದ ನೇರ ಬಸ್ಸಿದೆ. ಆದರೆ ಇವರಿಗೆ ರೈಲಿನ ಹುಚ್ಚು. ಮಿನೊ-ಓತಾ ಅನ್ನುವ ಸ್ಟೇಷನ್ನಿನಲ್ಲಿ ಇಳಿದು ನಾಗಾರಾಗಾವಾ ರೈಲು ಹಿಡಿಯಬೇಕು. ಒಟ್ಟು 72 ಕಿಲೋಮೀಟರಿನ ಸಣ್ಣ ಮಾರ್ಗ. ರೈಲು ಅಂದರೆ ಒಂದೇ ಒಂದು ಬೋಗಿ, ಡೀಸೆಲ್ಲಿನದು, ಥೇಟ್ ನಮ್ಮೂರ ಬಸ್ಸಿನ ಹಾಗೆ. ಹತ್ತುವಾಗ ಒಂದು ಡಬ್ಬಿಯಿಂದ ನಂಬರಿನ ಚೀಟಿ ಎಳೆದುಕೊಳ್ಳಬೇಕು. ಡ್ರೈವರಿನ ತಲೆ ಮೇಲೆ ಒಂದು ಬೋರ್ಡು. ಒಂದೊಂದು ಸ್ಟೇಷನ್ ದಾಟಿದ ಹಾಗೂ ನಮ್ಮ ನಂಬರಿನ ಕೆಳಗಿನ ದುಡ್ಡು ಏರುತ್ತಾ ಹೋಗುತ್ತದೆ. ಇವರು ಹೊಳೆ ನೋಡುವುದು ಬಿಟ್ಟು ಆಟೋ ಮೀಟರ್ ನೋಡುವ ಹಾಗೆ ಅದನ್ನೇ ನೋಡುತ್ತಾ ಕೂತರು. ಹೊಳೆ ಮಾತ್ರ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಬಂದು ಹೋಗುತ್ತಲೇ ಇತ್ತು. ಮಂಡಿಮಟ್ಟದ ನೀರಲ್ಲಿ ನಿಂತು ಎಂಟು-ಹತ್ತು ಮೀಟರ್ ಉದ್ದದ ಗಳ ಹಿಡಿದ ಜನ. ಜೂನ್ ಬಂತೆಂದರೆ ಇಲ್ಲಿ ಆಯು ಅನ್ನುವ ಮೀನಿನ ಕಾಲ.

ಇಳಿಯುವಾಗ ಫಜೀತಿ. ಊರೆಲ್ಲಾ ನಡೆಯುತ್ತಿದ್ದ ನಮ್ಮ ಕಾರ್ಡು ಈ ರೈಲಿನಲ್ಲಿ ನಡೆಯುವುದಿಲ್ಲ. ಇಬ್ಬರಿಗೂ ಸೇರಿ ಮೂರು ಸಾವಿರ ಯೆನ್ನಿಗೆ ಸ್ವಲ್ಪ ಕಡಿಮೆ ಕೊಡಬೇಕು. ಇವರ ಹತ್ತಿರ ಇದ್ದದ್ದು ಹತ್ತು ಸಾವಿರದ ಒಂದೇ ನೋಟು. ಚಿಲ್ಲರೆ ಇಟ್ಟುಕೊಳ್ಳಿ ಅಂತ ಮಗಳು ಎರಡು ಸಲ ಹೇಳಿದ್ದಳು, ಅದು ಬೇರೆ ಮಾತು. ನಮ್ಮ ಕಂಡಕ್ಟರ್ ಆಗಿದ್ದರೆ ಏನೇನು ಅನ್ನುತ್ತಿದ್ದರೋ! ಈ ಡ್ರೈವರ್ ಬಿಳಿ ಗ್ಲೌಸಿನ ಕೈಯನ್ನು ಸ್ಟೇಷನ್ ಕಡೆ ಚಾಚಿದರು, ತಲೆ ಬಾಗಿಸಿದರು. ಒಳಗೆ ಕೌಂಟರಿನವರು ನೋಟು ಮುರಿದು, ಎರಡು ಸಲ ಎಣಿಸಿ, ಬಾಕಿ ಕೊಟ್ಟರು. 1929ರ ಮರದ ಸ್ಟೇಷನ್ ಅದು. ಅದನ್ನು ನಿಂತು ನೋಡುವಷ್ಟು ಹೊತ್ತು ಸಿಕ್ಕಿದ್ದು ಈ ಫಜೀತಿಯಿಂದಲೇ. ಅಲ್ಲಿಂದ ಹಳೇ ಪೇಟೆಗೆ ಇಪ್ಪತ್ತು ನಿಮಿಷದ ನಡಿಗೆ. ಜಿಟಿಜಿಟಿ ಮಳೆ. ಟ್ಯಾಕ್ಸಿ ಕಾಣಲಿಲ್ಲ, ಜನವೂ ಕಾಣಲಿಲ್ಲ.

ಬೆಳಿಗ್ಗೆ ತಿಂಡಿಗೆ ಮುಂಚೆ ಹೊರಗೆ ಬಂದರೆ, ವಸತಿಮನೆಯ ಯಜಮಾನಿ ಹಿತ್ತಲ ಕಡೆ ಏನೋ ತೊಳೆಯುತ್ತಿದ್ದರು. ಎಪ್ಪತ್ತರ ಆಸುಪಾಸು. ನಾನು ಹೋಗಿ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತೆ. ಭಾಷೆ ಬರದಿದ್ದರೆ ಏನು, ಸೌತೆಕಾಯಿ ತೊಳೆಯುವುದು ಯಾರಿಗೆ ಅರ್ಥವಾಗುವುದಿಲ್ಲ?

ಅಲ್ಲಿ ಕಲ್ಲಿನ ತೊಟ್ಟಿ ಇತ್ತು. ಮೂರು ಮಜಲು, ಮೆಟ್ಟಿಲಿನ ಹಾಗೆ ಒಂದರ ಕೆಳಗೊಂದು. ಗುಡ್ಡದ ನೀರು ಪೈಪಿನಲ್ಲಿ ಬಂದು ಮೇಲಿನದಕ್ಕೆ ಬೀಳುತ್ತದೆ. ಅದು ಕುಡಿಯುವುದಕ್ಕೆ. ಬೇಸಿಗೆಯಲ್ಲಿ ಕಲ್ಲಂಗಡಿ, ಟೊಮೆಟೊ ತಣ್ಣಗಾಗಲು ತೇಲಿ ಬಿಡುವುದೂ ಇದೆಯಂತೆ. ಅದು ತುಂಬಿ ಎರಡನೆಯದಕ್ಕೆ ಚೆಲ್ಲುತ್ತದೆ, ಅಲ್ಲಿ ತರಕಾರಿ ತೊಳೆಯುತ್ತಾರೆ. ಅದರ ಕೆಳಗಿನದು ಮುಸುರೆ ಪಾತ್ರೆಗೆ. ಪಾತ್ರೆಯಲ್ಲಿ ಅಂಟಿದ ಅನ್ನದ ಅಗುಳು ಕೆಳಗಿನ ಸಣ್ಣ ಹೊಂಡಕ್ಕೆ ಹೋಗುತ್ತದೆ. ಹೊಂಡದಲ್ಲಿ ದಪ್ಪ ದಪ್ಪ ಕಾರ್ಪ್ ಮೀನುಗಳು ಬಾಯಿ ತೆರೆದುಕೊಂಡು ಕಾಯುತ್ತಿರುತ್ತವೆ. ಅವು ತಿಂದು ಉಳಿದ ನೀರು ಕಾಲುವೆಗೆ, ಕಾಲುವೆಯಿಂದ ಹೊಳೆಗೆ. ಇದಕ್ಕೆ ಮಿಜುಬುನೆ ಅನ್ನುತ್ತಾರೆ. ಮಿಜು ಅಂದರೆ ನೀರು, ಫುನೆ ಅಂದರೆ ದೋಣಿ. ದನ ನೀರು ಕುಡಿಯುವ ಕಲ್ಲಿನ ತೊಟ್ಟಿಗೆ ನಮ್ಮಲ್ಲೂ ದೋಣಿ ಅಂತಲೇ ಹೇಳುವವರಿದ್ದಾರೆ, ಅಲ್ವಾ?

ಅಷ್ಟರಲ್ಲಿ ಇವರು ಬಂದರು. ಬಂದವರೇ ಕೈ ತೊಳೆಯಲು ಮೇಲಿನ ತೊಟ್ಟಿಗೆ ಎರಡೂ ಕೈ ಅದ್ದಿಬಿಟ್ಟರು. ಯಜಮಾನಿ ಏನೂ ಅನ್ನಲಿಲ್ಲ. ಸೌಟಿನಲ್ಲಿ ನೀರು ತೆಗೆದು, ಇವರನ್ನು ಒಂದು ಹೆಜ್ಜೆ ಆಚೆ ಕರೆದು, ಕೈ ಮೇಲೆ ಸುರಿದರು. ಆಮೇಲೆ ಮೇಲಿನ ತೊಟ್ಟಿಯ ಅಂಚಿನ ಮೇಲೆ ಅಂಗೈಯಿಂದ ಸವರಿ, ಒಂದಿಷ್ಟು ನೀರು ಹೊರಚೆಲ್ಲಿದರು. ನನಗೆ ನಗು ತಡೆಯಲಾಗಲಿಲ್ಲ. ನಮ್ಮಜ್ಜಿ ಆಗಿದ್ದರೆ ಸೌಟಿನಲ್ಲೇ ಎರಡು ಬಿಡುತ್ತಿದ್ದಳು.

ಯಾಕೆಂದರೆ ನನ್ನ ತವರಿನಲ್ಲೂ ಹೀಗೇ ಇತ್ತು. ಗುಡ್ಡದ ಒರತೆಯಿಂದ ಅಡಿಕೆ ದಬ್ಬೆಯಲ್ಲಿ ಅಬ್ಬಿ ನೀರು ಹರಿದು ಬಂದು ಬಚ್ಚಲ ಹಿಂದಿನ ಕಲ್ಲುಮರಿಗೆಗೆ ಬೀಳುತ್ತಿತ್ತು. ಹಗಲೂ ರಾತ್ರಿ. ನಲ್ಲಿ ಇಲ್ಲ, ನಿಲ್ಲಿಸುವ ಮಾತೇ ಇಲ್ಲ. ಮರಿಗೆ ತುಂಬಿ ಚೆಲ್ಲಿದ್ದು ಬಾಳೆ ಬುಡಕ್ಕೆ, ಅಲ್ಲಿಂದ ತೋಟಕ್ಕೆ. ಮರಿಗೆಗೆ ಯಾರೂ ಕೈ ಅದ್ದುವ ಹಾಗಿರಲಿಲ್ಲ, ತಂಬಿಗೆಯಲ್ಲೇ ತೆಗೆಯಬೇಕು. ದಬ್ಬೆಗೆ ಎಲೆ ಸಿಕ್ಕಿಕೊಂಡು ಸದ್ದು ನಿಂತರೆ ನಡುರಾತ್ರಿಯಾದರೂ ಅಜ್ಜನಿಗೆ ಎಚ್ಚರವಾಗುತ್ತಿತ್ತು. ಬ್ಯಾಟರಿ ಹಿಡಿದು ಗುಡ್ಡ ಹತ್ತುತ್ತಿದ್ದ. ಮೊದಲು ದಬ್ಬೆ ಹೋಗಿ ಕಪ್ಪು ಪೈಪ್ ಬಂತು, ಆಮೇಲೆ ಬೋರ್‌ವೆಲ್. ಮರಿಗೆಯಲ್ಲಿ ಈಗ ನಮ್ಮ ತಮ್ಮನ ಹೆಂಡತಿ ಆಂಥೂರಿಯಂ ಬೆಳೆದಿದ್ದಾಳೆ. ಚೆನ್ನಾಗೇ ಬಂದಿದೆ, ಸುಮ್ನೆ ಯಾಕೆ ದೂರಲಿ.

ಆ ದಿನವೆಲ್ಲಾ ನಾವು ನೀರಿನ ಹಿಂದೆಯೇ ಸುತ್ತಿದೆವು. ಊರಿನ ಹೆಸರುವಾಸಿ ಒರತೆ ಸೋಗಿಸುಯಿ. 1985ರಲ್ಲಿ ಜಪಾನಿನ ಪರಿಸರ ಇಲಾಖೆ ದೇಶದ ನೂರು ಹೆಸರಾಂತ ನೀರಿನ ತಾಣಗಳನ್ನು ಆರಿಸಿದಾಗ ಇದೂ ಸೇರಿತು. 15ನೇ ಶತಮಾನದ ಸೋಗಿ ಎಂಬ ಕವಿ ಇಲ್ಲಿನ ಪಾಳೆಯಗಾರನ ಹತ್ತಿರ ಹಳೇ ಕಾವ್ಯದ ಪಾಠ ಹೇಳಿಸಿಕೊಳ್ಳಲು ಬಂದಿದ್ದನಂತೆ. ಹೊರಡುವಾಗ ಗುರುಶಿಷ್ಯರು ಈ ನೀರಿನ ಹತ್ತಿರ ಪದ್ಯ ಹೇಳಿಕೊಂಡು ಬೀಳ್ಕೊಂಡರಂತೆ. ನಿಜ ಹೇಳಬೇಕೆಂದರೆ ನೋಡಲು ಅಂಥದ್ದೇನೂ ಇಲ್ಲ. ಹೊಳೆ ದಂಡೆಯಲ್ಲಿ ಒಂದು ಪುಟ್ಟ ಮರದ ಗುಡಿ, ಕಲ್ಲು ಕಟ್ಟಿದ ಒಂದು ಹೊಂಡ. ಜೋಗ ನೋಡಿ ಬೆಳೆದವರು “ಇಷ್ಟೇನಾ?” ಅನ್ನದೆ ಇರುವುದಿಲ್ಲ. ಇವರು ಅಂದೇ ಬಿಟ್ಟರು. ಆದರೆ ಆ ಹೊಂಡವನ್ನೂ ನಾಲ್ಕು ಪಾಲು ಮಾಡಿದ್ದಾರೆ. ಮೇಲಿನದು ಕುಡಿಯಲು, ಮುಂದಿನದು ಅಕ್ಕಿ ತೊಳೆಯಲು, ಆಮೇಲೆ ತರಕಾರಿಗೆ, ಕೊನೆಯದು ಮರದ ಬಾನಿಗಳನ್ನು ನೆನೆಸಿಡಲು. ಕವಿಯ ಕಥೆಗಿಂತ ಅಕ್ಕಿ ತೊಳೆಯಲು ಬೇರೆ ಜಾಗ ಇಟ್ಟಿದ್ದು ನನಗೆ ಇಷ್ಟವಾಯಿತು.

ಮನೆ ಮುಂದಿನ ಕಾಲುವೆಗಳು ಬಂದದ್ದು ಬೆಂಕಿಯ ಭಯದಿಂದ. ಎಲ್ಲಾ ಮರದ ಮನೆಗಳು, ಒಂದಕ್ಕೊಂದು ಅಂಟಿಕೊಂಡೇ ಇವೆ. 17ನೇ ಶತಮಾನದಲ್ಲಿ ಊರು ಸುಟ್ಟ ಮೇಲೆ ಹೊಳೆ ನೀರನ್ನು ಬೀದಿ ಬೀದಿಗೆ ತಿರುಗಿಸಿದರು. ಆದರೂ 1919ರಲ್ಲಿ ದೊಡ್ಡ ಬೆಂಕಿ ಬಿದ್ದು ಹೊಳೆಯ ಉತ್ತರದ ಕಡೆಯ ಪೇಟೆ ಹೋಯಿತು. ಈಗ ನಾವು ಹಳೇ ಬೀದಿ ಅಂತ ಫೋಟೋ ತೆಗೆಯುವುದೆಲ್ಲಾ ಅದರ ನಂತರ ಕಟ್ಟಿದ್ದು. ಕುಶಲಕರ್ಮಿಗಳ ಬೀದಿ, ಕಮ್ಮಾರರ ಬೀದಿ ಅಂತ ಹೆಸರು ಮಾತ್ರ ಹಳೆಯದು. ಸೂರಿನಡಿ ಬಕೆಟ್ ನೇತುಹಾಕಿದ್ದಾರೆ. ಕಾಲುವೆಯ ಅಂಚಿನ ಕಲ್ಲಿನಲ್ಲಿ ಅಲ್ಲಲ್ಲಿ ಗೀರು ಕೊರೆದಿದೆ. ಅದಕ್ಕೊಂದು ಹಲಗೆ ಇಳಿಸಿದರೆ ನೀರು ಕಟ್ಟಿಕೊಂಡು ಏರುತ್ತದೆ. ನಾವು ತೋಟದಲ್ಲಿ ಕಟ್ಟ ಹಾಕುವುದಿಲ್ಲವೇ, ಅದೇ. ಬೇಕಾದ್ದು ತೊಳೆದು ಹಲಗೆ ಎತ್ತಿಬಿಟ್ಟರೆ ನೀರು ಮುಂದಿನ ಮನೆಗೆ.

ಇಗಾವಾ ಅನ್ನುವ ಸಣ್ಣ ಓಣಿ ಇದೆ, 120 ಮೀಟರೂ ಇಲ್ಲ. ಒಂದು ಕಡೆ ಮನೆಗಳ ಹಿಂಬಾಗಿಲು, ಇನ್ನೊಂದು ಕಡೆ ಕಾಲುವೆ, ಕಾಲುವೆ ತುಂಬಾ ಮೊಣಕೈ ಉದ್ದದ ಕಾರ್ಪ್ ಮೀನು. ನಡುವೆ ಮಾಡು ಹಾಕಿದ ತೊಳೆಯುವ ಕಟ್ಟೆಗಳು. ಅಕ್ಕಪಕ್ಕದ ಮನೆಯವರೇ ಸರದಿಯ ಮೇಲೆ ಚೊಕ್ಕ ಮಾಡುತ್ತಾರೆ. ಒಬ್ಬರು ಮಣ್ಣು ಮೆತ್ತಿದ ಈರುಳ್ಳಿ ತೊಳೆಯುತ್ತಿದ್ದರು. ಮೀನುಗಳು ಕೈಯ ಹತ್ತಿರಕ್ಕೇ ಬರುತ್ತಿದ್ದವು. ನಾವು ಕ್ಯಾಮೆರಾ ಎತ್ತಿದ್ದು ನೋಡಿ ಅವರು ತಾವೇ ಪಕ್ಕಕ್ಕೆ ಸರಿದರು. ಮೀನಿನ ಫೋಟೋಗೆ ಅಡ್ಡವಾಗುತ್ತೇನೆ ಅಂದುಕೊಂಡರೋ ಏನೋ. ನನಗೆ ಬೇಕಿದ್ದದ್ದು ಅವರ ಕೈ ಮತ್ತು ಈರುಳ್ಳಿ. ಹೇಳಲು ಭಾಷೆ ಇರಲಿಲ್ಲ.

ಮಧ್ಯಾಹ್ನ ಇವರ ಸರದಿ. ಜಪಾನಿನ ಹೋಟೆಲುಗಳ ಮುಂದೆ ಗಾಜಿನ ಕಪಾಟಿನಲ್ಲಿ ಅಡುಗೆಯ ಗೊಂಬೆಗಳಿರುತ್ತವಲ್ಲ, ಅದನ್ನು ದಂಧೆ ಮಾಡಿದ ಇವಾಸಾಕಿ ತಕಿಜೊ ಹುಟ್ಟಿದ್ದು ಈ ಊರಲ್ಲಿ, 1895ರಲ್ಲಿ. 1932ರಲ್ಲಿ ಮೇಣದ ಆಮ್ಲೆಟ್ಟಿನಿಂದ ಶುರುಮಾಡಿದನಂತೆ. ಇಲ್ಲಿ ನಾವೂ ಕೂತು ಮಾಡಬಹುದು. ಬಿಸಿನೀರಿನ ತೊಟ್ಟಿಯ ಮೇಲೆ ಮೊದಲು ಬಿಳಿ ಮೇಣ, ಅದರ ಪಕ್ಕಕ್ಕೆ ಹಸಿರು ಮೇಣ ಸುರಿಯಬೇಕು. ದೋಸೆಯ ಹಾಗೆ ಹರಡಿಕೊಳ್ಳುತ್ತದೆ. ಅಂಚು ಹಿಡಿದು ನೀರೊಳಕ್ಕೆ ಮೆಲ್ಲಗೆ ಎಳೆದರೆ ಸುಕ್ಕುಗಟ್ಟಿ ಎಲೆಯಾಗುತ್ತದೆ. ಅದನ್ನು ಉಂಡೆ ಸುತ್ತಿ, ಅರ್ಧಕ್ಕೆ ಕೊಯ್ದರೆ ಒಳಗೆಲ್ಲಾ ಪದರ ಪದರ, ಸಾಕ್ಷಾತ್ ಲೆಟ್ಯೂಸ್! ಜನ್ಮದಲ್ಲಿ ಒಂದು ಎಲೆಕೋಸು ಹೆಚ್ಚದ ಮನುಷ್ಯ ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದರು.

ಗುಡ್ಡದ ಮೇಲಿನ ಕೋಟೆಗೆ ಹೋಗಲಿಲ್ಲ, ನನ್ನ ಮಂಡಿ ಕೇಳಲಿಲ್ಲ. 1933ರಲ್ಲಿ ಮರದಲ್ಲೇ ಮತ್ತೆ ಕಟ್ಟಿದ್ದು ಅದು. ಕೆಳಗಿನಿಂದ, ಮೋಡದ ಸಂದಿಯಲ್ಲಿ ಚೆನ್ನಾಗಿ ಕಂಡಿತು, ಸಾಕು.

ಈ ಊರು ಯಾವಾಗಲೂ ಇಷ್ಟು ಸದ್ದಿಲ್ಲದೆ ಇರುವುದಿಲ್ಲ. ಜುಲೈ ನಡುವಿನಿಂದ ಸೆಪ್ಟೆಂಬರ್ ಮೊದಲವರೆಗೆ ಸುಮಾರು ಮೂವತ್ತು ರಾತ್ರಿ ಬೀದಿಯಲ್ಲಿ ಕುಣಿತ. ಆಗಸ್ಟ್ 13ರಿಂದ 16ರವರೆಗೆ ಬೆಳತನಕ. ನೋಡುವವರು ಬೇರೆ, ಕುಣಿಯುವವರು ಬೇರೆ ಅಂತ ಇಲ್ಲ. ಬಂದವರೆಲ್ಲಾ ಸುತ್ತಿನೊಳಗೆ. 2022ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಪಾನಿನ ಜನಪದ ಕುಣಿತಗಳಲ್ಲಿ ಇದೂ ಒಂದು. ಮ್ಯೂಸಿಯಮ್ಮಿನಲ್ಲಿ ಒಬ್ಬ ಹುಡುಗಿ ಹೆಜ್ಜೆ ತೋರಿಸಿದಳು. ಗೆತಾ ಅನ್ನುವ ಮರದ ಮೆಟ್ಟು ಹಾಕಿ ನೆಲಕ್ಕೆ ಹೊಡೆದರೆ ಟಕ್ ಅಂತ ಸದ್ದು. ನಮ್ಮ ಹಾವುಗೆಯ ಅಣ್ಣ ಅನ್ನಿ. ಅಂಗಡಿಯಲ್ಲಿ ಹೊಸ ಗೆತಾ ಸಾಲಾಗಿ ಜೋಡಿಸಿ, ಹೊಸ ಮರದ ವಾಸನೆ ಬೀದಿಗೆಲ್ಲಾ ಬರುತ್ತಿತ್ತು. ಇನ್ನೊಂದು ತಿಂಗಳು ಬಿಟ್ಟು ಬಂದಿದ್ದರೆ ಕುಣಿತ ಸಿಗುತ್ತಿತ್ತು, ನೀರಿನ ಸದ್ದು ಸಿಗುತ್ತಿರಲಿಲ್ಲ.

ಊಟದ ಚಿಂತೆ ಇತ್ತು. ಇಲ್ಲಿ ಸಾರಿಗೂ ಒಣಮೀನಿನ ರಸ ಬೀಳುತ್ತದೆ. ಮಗಳು ಮೊದಲೇ ಫೋನಿನಲ್ಲಿ ಹೇಳಿದ್ದರಿಂದ ಯಜಮಾನಿ ನಮಗೆ ಬೇರೆಯಾಗಿ, ಕಡಲಪಾಚಿ ಹಾಕಿ ಸಾರು ಮಾಡಿದ್ದರು. ತೋಫು, ಸುಟ್ಟ ಬದನೆ, ಉಪ್ಪಿನಕಾಯಿ, ಮತ್ತೆ ಕಾಡುಸೊಪ್ಪಿನ ಬಜ್ಜಿ. ಒಂದು ಎಲೆಯಂತೂ ದೊಡ್ಡಪತ್ರೆ ಬಜ್ಜಿಯದೇ ರುಚಿ. ಅನ್ನ ಮೂರು ಸಲ ಬಡಿಸಿಕೊಂಡೆವು. ನಾನು ಕೊಟ್ಟ ಚಟ್ನಿಪುಡಿಯನ್ನು ಅವರು ನಾಲಿಗೆ ತುದಿಗಿಟ್ಟು, ಕಣ್ಣರಳಿಸಿ, ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬಂದರು. ಮೇಲಿನ ತೊಟ್ಟಿಯದೇ.

ಎರಡನೇ ರಾತ್ರಿ ಇವರು ಏಳಲಿಲ್ಲ.

ಹೊರಡುವ ಬೆಳಿಗ್ಗೆ ಬೀದಿ ಬದಿಯ ಮಿಜುಬುನೆಯೊಂದರಲ್ಲಿ ಒಂದು ಲೀಟರಿನ ಬಾಟಲಿ ತುಂಬಿಸಿಕೊಂಡರು. ಸೌಟಿನಲ್ಲೇ, ಕೈ ತಾಗಿಸದೆ. ಕಾಶಿಯಿಂದ ಗಂಗೆ ತರುವವರ ಹಾಗೆ ರೈಲಿನಲ್ಲಿ ಅದನ್ನು ತೊಡೆ ಮೇಲೆ ಇಟ್ಟುಕೊಂಡು ಬಂದರು. ನನಗೆ ಬಾಯಾರಿದರೂ ಕೊಡಲಿಲ್ಲ, ಸ್ಟೇಷನ್ನಿನಲ್ಲಿ ಬೇರೆ ಬಾಟಲಿ ತೆಗೆಸಿಕೊಟ್ಟರು. ಮನೆಗೆ ಬಂದು ಅಡುಗೆಮನೆಯಲ್ಲಿಟ್ಟು ಸ್ನಾನಕ್ಕೆ ಹೋದರು. ಬರುವಷ್ಟರಲ್ಲಿ ಮಗಳು ಅದನ್ನು ಅಕ್ಕಿಗೆ ಸುರಿದು ಕುಕ್ಕರ್ ಒತ್ತಿಯಾಗಿತ್ತು.