ಪತ್ತೇದಾರರಿಗೆ ಲೈಸೆನ್ಸ್ ಯಾಕಿಲ್ಲ?

ಮದುವೆಗೆ ಮುಂಚೆ ಹುಡುಗನ ಬಗ್ಗೆ ವಿಚಾರಿಸಲು ಖಾಸಗಿ ಪತ್ತೇದಾರರನ್ನು ಹಿಡಿಯುವವರಿದ್ದಾರೆ. ಆದರೆ ಆ ಪತ್ತೇದಾರರಿಗೆ ಲೈಸೆನ್ಸ್ ಕೊಡುವ ಕೇಂದ್ರ ಕಾನೂನೇ ನಮ್ಮಲ್ಲಿಲ್ಲ. ಗೇಟಿನಲ್ಲಿ ನಿಲ್ಲುವ ಸೆಕ್ಯೂರಿಟಿಯವರನ್ನು ಕಳಿಸುವ ಏಜೆನ್ಸಿಗೆ 2005ರ ಕಾಯ್ದೆಯಂತೆ ಲೈಸೆನ್ಸ್ ಬೇಕೇ ಬೇಕು, ನಮ್ಮ ಮನೆಯ ಗುಟ್ಟು ಕೆದಕುವವರಿಗೆ ಮಾತ್ರ ಅಂಥದ್ದೇನೂ ಬೇಡ, ಇದು ಸರೀನಾ? 2007ರಲ್ಲಿ ರಾಜ್ಯಸಭೆಗೆ ಒಂದು ಮಸೂದೆ ಬಂತು, ಕಾನೂನಾಗಲೇ ಇಲ್ಲ.

ಹಾಗಂತ ಅವರು ಏನು ಬೇಕಾದರೂ ಮಾಡಬಹುದು ಅಂತಲ್ಲ. ಯಾರು ಯಾರಿಗೆ ಯಾವಾಗ ಫೋನ್ ಮಾಡಿದರು ಅನ್ನುವ ಕಾಲ್ ರೆಕಾರ್ಡ್ ಅಕ್ರಮವಾಗಿ ಪಡೆದು ಮಾರಿದ ಆರೋಪದ ಮೇಲೆ 2018ರಲ್ಲಿ ಮಹಾರಾಷ್ಟ್ರದ ಥಾಣೆಯಲ್ಲಿ ಪೊಲೀಸರು ಪತ್ತೇದಾರರನ್ನು ಬಂಧಿಸಿದ್ದರು. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತಲ್ವಾ, ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ದುಡ್ಡು ಕೊಡುವ ಮುಂಚೆ ಒಪ್ಪಂದ ಬರೆಸಿಕೊಳ್ಳಿ. ಫೋನ್ ಡೀಟೇಲ್ಸ್ ತಂದುಕೊಡ್ತೀವಿ ಅಂದರೆ ಸುಮ್ನೆ ಎದ್ದು ಬನ್ನಿ.